ಮರುವಾಯಿಗೆ ಹೋದಾಗ ಬಾಯಿಗೆ ಬಂದ ಜೀವ

ಬೇರೆಯವರು ಮರುವಾಯಿ, ಅಂದರೆ ಹೊಳೆಯ ಚಿಪ್ಪುಮೀನು, ತಿನ್ನಲು ಹೋದರೆ ತಿಂದು, ಕೈ ತೊಳೆದು, ತೇಗಿ ಮನೆಗೆ ಬರುತ್ತಾರೆ. ನಾನು ಮತ್ತು ನನ್ನ ಬಾವ ಹೋದರೆ ಮಾತ್ರ ಪ್ರತಿ ಸಲವೂ ಎಂತದಾದರೂ ಒಂದು ಆಗಿಯೇ ಆಗುತ್ತದೆ. ಹೊಟ್ಟೆ ತುಂಬಿರುತ್ತದೆ, ಆದರೆ ಬೆನ್ನಿನಲ್ಲಿ ಒಂದು ಚಳಿ ಕೂತಿರುತ್ತದೆ.

ನನಗೆ ಮಂಗಳೂರಿನ ಕಂಕನಾಡಿಯಲ್ಲಿ ಒಂದು ಸಣ್ಣ ಕನ್ನಡಕದ ಅಂಗಡಿ ಉಂಟು. ಬಾವ ಎಂದರೆ ನನ್ನ ಹೆಂಡತಿಯ ಅಣ್ಣ. ಇಪ್ಪತ್ತೆರಡು ವರ್ಷ ಗಲ್ಫ್‌ನಲ್ಲಿ ಮಾಂಸದ ಕೋಲ್ಡ್ ಸ್ಟೋರೇಜ್ ನೋಡಿಕೊಂಡು, ಈಗ ಕೊಟ್ಟಾರದ ಮನೆಯಲ್ಲಿ ಅಮ್ಮನ ಜೊತೆಗಿದ್ದಾರೆ. ಭೂಮಿಯ ಮೇಲೆ ತಾನು ಹೆದರುವಂಥದ್ದು ಎಂತದೂ ಇಲ್ಲ ಎಂದು ಹೇಳುವ ಜನ. ನಮ್ಮಿಬ್ಬರಿಗೂ ಮರುವಾಯಿ ಎಂದರೆ ಪ್ರಾಣ. ಮಳೆ ನಿಂತು, ಹೊಳೆಗೆ ಸಮುದ್ರದ ಉಪ್ಪುನೀರು ಏರಿದ ಮೇಲೆ, ಕೆಸರಿನಲ್ಲಿ ಹುದುಗಿದ ಆ ಚಿಪ್ಪಿನ ಒಳಗೆ ಮಾಂಸ ತುಂಬುತ್ತದೆ. ಆಗ ನಾವು ಬೆಳಗ್ಗಿನ ರೈಲು ಹತ್ತಿ ಹೊನ್ನಾವರ ದಾಟಿ ಒಂದು ಸಣ್ಣ ಸ್ಟೇಷನಿನಲ್ಲಿ ಇಳಿಯುತ್ತೇವೆ. ಅಲ್ಲಿ ಹೊಳೆಯ ಬದಿಯಲ್ಲಿ ಒಬ್ಬ ಅಕ್ಕ ಬೋರ್ಡೇ ಇಲ್ಲದ ಹೋಟೆಲು ನಡೆಸುತ್ತಾರೆ. ನಾವು ಮರುವಾಯಿ ಅನ್ನುವುದನ್ನು ಅಲ್ಲಿಯವರು ಬಳಚು ಅನ್ನುತ್ತಾರೆ. ಹೆಸರು ಯಾವುದಾದರೂ ಆ ಅಕ್ಕ ಮಾಡುವ ಸುಕ್ಕ ಬೇರೆಲ್ಲೂ ಸಿಗುವುದಿಲ್ಲ.

"ಇಲ್ಲೇ ಕೂಳೂರಿನ ಹೊಳೆಯ ಮರುವಾಯಿಗೆ ಎಂತ ರೋಗ?" ಎಂದು ನನ್ನ ಹೆಂಡತಿ ಪ್ರತಿ ವರ್ಷ ಕೇಳುತ್ತಾಳೆ. ಅದಕ್ಕೆ ರೋಗ ಇಲ್ಲ. ರೋಗ ಇರುವುದು ನಮಗೆ.

ಒಂದು: ಬಿಳಿ ಶಾಲು

ಮೊದಲ ಸಲ ಹೋದದ್ದು ಒಂದು ಡಿಸೆಂಬರಿನಲ್ಲಿ. ಮಂಗಳೂರು ಜಂಕ್ಷನ್ನಿನಲ್ಲಿ ರೈಲು ಹತ್ತುವಾಗ ಇನ್ನೂ ಬೆಳಕು ಹರಿದಿರಲಿಲ್ಲ. ಉಡುಪಿ, ಕುಂದಾಪುರದಲ್ಲಿ ಇದ್ದಬದ್ದವರೆಲ್ಲ ಇಳಿದು ಡಬ್ಬಿ ಖಾಲಿಯಾಯಿತು. ಉಳಿದದ್ದು ನಾವಿಬ್ಬರು ಮತ್ತು ಆ ಕೊನೆಯಲ್ಲಿ, ಬಾಗಿಲ ಹತ್ತಿರದ ಸೀಟಿನಲ್ಲಿ, ಬಿಳಿ ಶಾಲನ್ನು ತಲೆಯ ಮೇಲಿಂದ ಹೊದ್ದು ಕೂತ ಒಬ್ಬ ಹೆಂಗಸು. ಮುಖ ಕಾಣುತ್ತಿರಲಿಲ್ಲ. ಅಲುಗಾಡುತ್ತಲೂ ಇರಲಿಲ್ಲ.

ಬಾವ ಹೊತ್ತು ಹೋಗಲೆಂದು ತನ್ನ ಕೋಲ್ಡ್ ಸ್ಟೋರೇಜಿನ ಕತೆ ಸುರು ಮಾಡಿದರು. ಅಲ್ಲಿ ಸಾಲು ಸಾಲು ಕುರಿಗಳನ್ನು ಕೊಕ್ಕೆಗೆ ತೂಗುಹಾಕಿರುತ್ತಾರಂತೆ. ಬಾಗಿಲು ಹಾಕಿದ ಮೇಲೆ ಅವುಗಳ ನಡುವೆ ಒಬ್ಬ ಹೆಂಗಸು ಬರಿಗಾಲಿನಲ್ಲಿ ನಡೆಯುತ್ತಾಳಂತೆ. ಬೆಳಗ್ಗೆ ಬಾಗಿಲು ತೆಗೆದರೆ ನೆಲದ ಮಂಜಿನ ಮೇಲೆ ಸಣ್ಣ ಸಣ್ಣ ಹೆಜ್ಜೆ ಗುರುತು. ಅವು ಒಳಗೆ ಹೋಗುತ್ತವೆ, ಹೊರಗೆ ಬರುವುದಿಲ್ಲ.

ಅಷ್ಟರಲ್ಲಿ ಒಂದು ಸುರಂಗ ಬಂತು. ಬೆಳಕಾಯಿತೆಂದು ಯಾರೋ ಡಬ್ಬಿಯ ಲೈಟು ಆರಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಕತ್ತಲೆ, ಕಿವಿ ಕಿವುಡಾಗುವ ಸದ್ದು. ಸುರಂಗ ದಾಟಿ ಬೆಳಕು ಬಂದಾಗ ನೋಡುತ್ತೇನೆ, ಆ ಹೆಂಗಸು ಬಾಗಿಲ ಹತ್ತಿರ ಇಲ್ಲ. ಡಬ್ಬಿಯ ಮಧ್ಯದಲ್ಲಿ ಕೂತಿದ್ದಾಳೆ. ಮೊದಲಿನ ಹಾಗೆಯೇ, ಮುಖ ಮುಚ್ಚಿಕೊಂಡು.

ಬಾವ ನೋಡಿರಲಿಲ್ಲ. ಕತೆ ಮುಂದುವರಿಸಿದರು. ಒಂದು ದಿನ ತಾನು ಒಳಗಿರುವಾಗಲೇ ಬಾಗಿಲು ತಾನಾಗಿ ಮುಚ್ಚಿಕೊಂಡಿತು ಎಂದರು. ಎರಡನೇ ಸುರಂಗ ಬಂತು. ದಾಟಿದಾಗ ಹೆಂಗಸು ನಮ್ಮ ಪಕ್ಕದ ಸಾಲಿನಲ್ಲಿ. ಈಗ ಬಾವನೂ ನೋಡಿದರು. ಅವರ ದನಿ ಸಣ್ಣದಾಯಿತು. "ಹೆಜ್ಜೆ ಸದ್ದು ನನ್ನ ಬೆನ್ನ ಹಿಂದೆ ಬಂದು ನಿಂತಿತು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಮೂರನೇ ಸುರಂಗ ಎಲ್ಲಕ್ಕಿಂತ ಉದ್ದ. ಆ ಕತ್ತಲೆಯಲ್ಲಿ ಎದುರಿನ ಸೀಟು ಕಿರ್ರೆಂದಿತು. ಬಾವ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಮರುದಿನ ಅಲ್ಲಿ ನೀಲಿ ಕಟ್ಟಿತ್ತು.

ಬೆಳಕು ಬಂತು. ಶಾಲು ಹೊದ್ದ ಹೆಂಗಸು ನಮ್ಮ ಎದುರಲ್ಲೇ ಕೂತಿದ್ದಳು. ಮಂಜುಗಡ್ಡೆಯ ಹಾಗಿದ್ದ ಒಂದು ಕೈ ಶಾಲಿನಿಂದ ಹೊರಗೆ ಬಂದು ಬಾವನ ಮೊಣಕಾಲು ತಟ್ಟಿತು.

"ಮತ್ತೆ? ಆ ಹೆಂಗಸು ಎಂತ ಮಾಡಿದಳು?"

ಮಗಳ ಮನೆಗೆ ಹೊರಟ ಅಜ್ಜಿ. ಒಂದು ಕಿವಿ ಮಂದ. ಸುರಂಗದಲ್ಲಿ ಸದ್ದು ಜಾಸ್ತಿಯಾಗಿ ಕತೆ ಕೇಳದೆ ಹೋದಾಗಲೆಲ್ಲ ಎದ್ದು ಹತ್ತಿರ ಬಂದಿದ್ದರು, ಅಷ್ಟೆ. ಇಳಿಯುವವರೆಗೂ ಅಜ್ಜಿ ಕತೆಯ ಕೊನೆ ಕೇಳುತ್ತಲೇ ಇದ್ದರು. ಬಾವನಿಗೆ ಕೊನೆ ಮರೆತುಹೋಗಿತ್ತು. ಇವತ್ತಿನವರೆಗೆ ನೆನಪಾಗಿಲ್ಲ.

ಎರಡು: ಮೂರನೇ ಎಲೆ

ಮರುವರ್ಷ ಆ ಸ್ಟೇಷನಿನಲ್ಲಿ ಇಳಿದಾಗ ಇಡೀ ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ ಎಂದುಕೊಂಡೆವು. ಹೋಟೆಲಿಗೆ ಇಪ್ಪತ್ತು ನಿಮಿಷದ ದಾರಿ. ಎರಡೂ ಬದಿಯಲ್ಲಿ ನಿಂತ ನೀರು, ನಡುವೆ ಕಾಲುದಾರಿ, ಮೇಲೆ ಮಂಜು. ಹತ್ತು ಮಾರು ಆಚೆಗಿನದ್ದು ಕಾಣುತ್ತಿರಲಿಲ್ಲ. ಎಲ್ಲೋ ಒಂದು ದೋಣಿಗೆ ನೀರು ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ನಮ್ಮ ಹಿಂದೆ ಯಾರೋ ನಡೆಯುತ್ತಿರುವ ಹಾಗೆ ಕೇಳಿತು. ನಾವು ನಿಂತೆವು. ಅದೂ ನಿಂತಿತು. ತಿರುಗಿ ನೋಡಿದರೆ ಮಂಜು ಮಾತ್ರ. ಮತ್ತೆ ನಡೆದೆವು, ಮತ್ತೆ ಹೆಜ್ಜೆ. ಬಾವ ಅದು ನಮ್ಮದೇ ಪ್ರತಿಧ್ವನಿ ಎಂದರು. ಪ್ರತಿಧ್ವನಿ ಕೆಮ್ಮುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಆಮೇಲೆ ನಾವು ನಡೆದದ್ದನ್ನು ನಡಿಗೆ ಅನ್ನುವುದು ಕಷ್ಟ.

ಹೋಟೆಲಿನ ಅಕ್ಕ ನಮ್ಮನ್ನು ನೋಡಿ ನಕ್ಕರು, ಬೆಂಚಿನ ಮೇಲೆ ಎಲೆ ಹಾಕಿದರು. ಒಂದು, ಎರಡು, ಮೂರು.

ಮೂರನೆಯದು ಯಾರಿಗೆ ಎಂದು ನಾನು ಕೇಳಿದೆ.

"ನಿಮ್ಮ ಸಂಗಡ ಬಂದವರಿಗೆ."

ನಾವಿಬ್ಬರೇ ಬಂದದ್ದು ಎಂದೆ. ಅಕ್ಕ ನಮ್ಮ ತಲೆಯ ಮೇಲಿಂದ ಬಾಗಿಲ ಕಡೆಗೆ ನೋಡಿದರು. ಅವರ ಮುಖದ ನಗು ಹೋಯಿತು. "ಹಾಗಾದರೆ ಅಲ್ಲಿ ನಿಂತವರು ಯಾರು?" ಎಂದರು. ಆಮೇಲೆ ಮೆಲ್ಲಗೆ ವಿವರಿಸಿದರು. ಕಪ್ಪು ಕೋಟು. ಕೈಯಲ್ಲಿ ಒಂದು ಪಟ್ಟಿ. ನಿಮ್ಮಿಬ್ಬರನ್ನೇ ನೋಡುತ್ತಾ ಇದ್ದಾರೆ.

ನಾವು ತಿರುಗಲಿಲ್ಲ. ನನ್ನ ಕುತ್ತಿಗೆಯೇ ತಿರುಗುವ ಸ್ಥಿತಿಯಲ್ಲಿರಲಿಲ್ಲ. ಎದುರಿಗೆ ಬಿಸಿ ಕುಚಲಕ್ಕಿ ಅನ್ನ, ಮೇಲೆ ತೆಂಗಿನತುರಿ ಹುರಿದು ಹಾಕಿದ ಬಳಚಿನ ಸುಕ್ಕ. ವರ್ಷವಿಡೀ ಕಾದ ಊಟ. ಬಾವ ಒಂದು ತುತ್ತು ಕಲಸಿದರು, ಬಾಯಿಗಿಡಲಿಲ್ಲ. ಪಟ್ಟಿಯಲ್ಲಿ ಇಬ್ಬರ ಹೆಸರೂ ಇರಬಹುದಾ ಎಂದು ನನ್ನ ಕಿವಿಯಲ್ಲಿ ಕೇಳಿದರು. ಹಿರಿಯರದ್ದು ಮೊದಲು ಇರುತ್ತದೆ ಎಂದೆ. ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು.

ಹೆಜ್ಜೆಗಳು ಒಳಗೆ ಬಂದವು. ಮೂರನೇ ಎಲೆಯ ಮುಂದೆ ಆ ಕೋಟಿನ ಮನುಷ್ಯ ಕೂತರು, ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದರು, ಅನ್ನಕ್ಕೆ ಕೈ ಹಾಕಿದರು. ಐದಾರು ತುತ್ತು ಇಳಿದ ಮೇಲೆ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು.

ನಮ್ಮ ರೈಲಿನಲ್ಲಿ ಟಿಕೆಟ್ ನೋಡಿದವರೇ ಅವರು.

"ನಾಲ್ಕು ವರ್ಷದಿಂದ ನೋಡ್ತಾ ಇದ್ದೇನೆ ಮಾರಾಯ್ರೆ," ಎಂದರು. "ಮಂಗಳೂರಿನವರು ಬರಿಗೈಯಲ್ಲಿ ಈ ಸ್ಟೇಷನಿನಲ್ಲಿ ಇಳಿಯುತ್ತಾರೆ, ಸಂಜೆ ನಗಾಡಿಕೊಂಡು ಹತ್ತುತ್ತಾರೆ. ಎಲ್ಲಿಗೆ ಹೋಗ್ತಾರೆ ಅಂತ ಕೇಳಿದರೆ ಒಬ್ಬನೂ ಹೇಳುವುದಿಲ್ಲ. ಇವತ್ತು ಇಲ್ಲಿಗೇ ಡ್ಯೂಟಿ ಮುಗಿದದ್ದು. ಹಿಂದೆಯೇ ಬಂದೆ."

ನಾವು ನಿಂತಾಗ ನೀವು ಯಾಕೆ ನಿಂತದ್ದು ಎಂದು ಬಾವ ಸಿಟ್ಟಿನಲ್ಲಿ ಕೇಳಿದರು.

"ಮಂಜಿನಲ್ಲಿ ಎಂತದೂ ಕಾಣುತ್ತಿರಲಿಲ್ಲ. ಮುಂದೆ ಹೋಗುವವರು ಒಮ್ಮೆಲೇ ನಿಂತರೆ ನನಗೂ ಹೆದರಿಕೆ ಆಗುವುದಿಲ್ಲವಾ?"

ಮೂರು: ಚೀಲದೊಳಗಿನ ಸದ್ದು

ನಾವಿಬ್ಬರೇ ತಿಂದು ಬರುವುದು ನ್ಯಾಯವಲ್ಲ ಎಂದು ಒಂದು ವರ್ಷ ನನ್ನ ಹೆಂಡತಿ ಹಟ ಹಿಡಿದಳು. ಹಾಗಾಗಿ ಹೋಟೆಲಿನ ಅಕ್ಕನಿಂದ ಹಸಿ ಮರುವಾಯಿ ತೆಗೆದುಕೊಂಡೆವು. ಅವರು ಅದನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿಕೊಟ್ಟು, ಎಲ್ಲ ಜೀವಂತ ಉಂಟು, ಉಸಿರಾಡಲಿ, ಬಾಯಿ ಬಿಗಿಯಾಗಿ ಕಟ್ಟಬೇಡಿ ಎಂದರು.

ಹಿಂದೆ ಬರುವ ರೈಲಿನಲ್ಲಿ ನಮ್ಮ ಡಬ್ಬಿ ತುಂಬ ಯಾತ್ರೆ ಮುಗಿಸಿ ಬರುವವರು. ಹಣೆಯಲ್ಲಿ ಗಂಧ, ಕೊರಳಲ್ಲಿ ಮಾಲೆ, ಮಡಿಲಲ್ಲಿ ಪ್ರಸಾದದ ಡಬ್ಬಿ. ಅವರ ನಡುವೆ ಮೀನಿನ ಚೀಲ ಹಿಡಿದು ನಿಲ್ಲಲು ನಮಗೆ ಒಂಥರಾ ಆಯಿತು. ಬಾವ ಚೀಲವನ್ನು ಸದ್ದಿಲ್ಲದೆ ಮೇಲಿನ ಹಲಗೆಗೆ ತಳ್ಳಿದರು.

ಸೂರ್ಯ ಮುಳುಗುವ ಹೊತ್ತು. ಯಾತ್ರೆಯವರ ಭಜನೆ ಮುಗಿದು ಡಬ್ಬಿ ಶಾಂತವಾಗಿತ್ತು. ಆಗ ಮೇಲಿನಿಂದ ಸುರುವಾಯಿತು. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಟಿಕ್ ಟಿಕ್. ಮರುವಾಯಿ ಬಾಯಿ ತೆರೆದು ಮುಚ್ಚುವಾಗ ಚಿಪ್ಪಿಗೆ ಚಿಪ್ಪು ತಾಗುವ ಸದ್ದು. ನಮಗೆ ಗೊತ್ತು. ಗೊತ್ತಿಲ್ಲದವರಿಗೆ ಅದು ಚಳಿಗೆ ಹಲ್ಲು ಕಟಕಟಿಸುವ ಹಾಗೆ ಕೇಳುತ್ತದೆ, ಅದೂ ಒಬ್ಬರದ್ದಲ್ಲ, ನೂರು ಜನರದ್ದು. ಎದುರು ಕೂತ ಹಿರಿಯರು ಮೆಲ್ಲಗೆ ತಲೆ ಎತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ಚೀಲ ನಮ್ಮ ಕಣ್ಣೆದುರೇ ಸಣ್ಣಗೆ ಮಿಸುಕಿತು. ಒಳಗಿನಿಂದ ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಸುಂಯ್ ಎಂದಿತು.

ಅದರಲ್ಲಿ ಎಂತ ಉಂಟು ಎಂದು ಹಿರಿಯರು ಕೇಳಿದರು.

ನಿಜ ಹೇಳುವುದು ಬಿಟ್ಟು ಬಾವ ಕಣ್ಣು ಕೆಳಗೆ ಹಾಕಿ, "ದೈವದ ಸಾಮಾನು," ಎಂದುಬಿಟ್ಟರು.

ಆಮೇಲೆ ಆ ಡಬ್ಬಿಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡಲಿಲ್ಲ. ಕಾಲು ಚಾಚಿದವರು ಮಡಚಿಕೊಂಡರು. ಒಬ್ಬ ಹೆಂಗಸು ಜಡೆಯಿಂದ ಹೂವು ತೆಗೆದು ಚೀಲದ ಪಕ್ಕದಲ್ಲಿಟ್ಟು ಕೈಮುಗಿದರು. ಚೀಲ ಟಿಕ್ ಎಂದಿತು. ಅವರು ಗಲ್ಲ ಗಲ್ಲ ಬಡಿದುಕೊಂಡರು. ನಾನು ಕಿಟಕಿಯ ಹೊರಗೆ ನೋಡಿದೆ. ಸುಳ್ಳು ಹೇಳಿದವರು ಬಾವ. ಆದರೆ ಚೀಲದ ಕೆಳಗೆ ಕೂತವ ನಾನು. ಮೇಲಿರುವುದು ಮರುವಾಯಿ ಎಂದು ಗೊತ್ತಿದ್ದರೂ ಆ ಸದ್ದಿಗೆ ನನ್ನ ಮೈಯ ರೋಮ ಎದ್ದು ನಿಂತಿತ್ತು.

ಸುರತ್ಕಲ್ ಹತ್ತಿರ ಬರುವಾಗ ಚೀಲದಿಂದ ಒಂದು ಹನಿ ಜಾರಿ ಆ ಹಿರಿಯರ ಬೋಳು ತಲೆಯ ಮೇಲೆ ಬಿತ್ತು. ಅವರು ಬೆಚ್ಚಲಿಲ್ಲ. ಎರಡೂ ಅಂಗೈ ಒಡ್ಡಿದರು. ಇನ್ನೆರಡು ಹನಿ ಬಿದ್ದವು. ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ನಾಲಿಗೆಗೆ ಹಚ್ಚಿದರು. ಇನ್ನೊಮ್ಮೆ ನಾಲಿಗೆಯಿಂದ ತುಟಿ ಸವರಿಕೊಂಡರು. ಮತ್ತೆ ಬಾವನ ಕಡೆಗೆ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು.

"ಸುಕ್ಕ ಮಾಡುವಾಗ ಉಪ್ಪು ಕಡಿಮೆ ಹಾಕಿ. ಹೊಳೆಯದ್ದೇ ಸಾಕಷ್ಟು ಉಂಟು."

ನಾಲ್ಕು: ಖಾಲಿ ರೈಲು

ಇದು ಸಣ್ಣದು. ಬಾವ ಇದನ್ನು ಬರೆಯಬಾರದು ಎಂದಿದ್ದಾರೆ.

ಒಂದು ವರ್ಷ ತಿಂದದ್ದು ಹೆಚ್ಚಾಗಿ ಹಿಂದೆ ಬರುವಾಗ ಇಬ್ಬರಿಗೂ ನಿದ್ದೆ ಹತ್ತಿತು. ಜಂಕ್ಷನ್ನಿನಲ್ಲಿ ಇಳಿಯಬೇಕಿದ್ದವರು ಇಳಿಯಲಿಲ್ಲ. ರೈಲು ಕೊನೆಯ ಸ್ಟೇಷನಾದ ಸೆಂಟ್ರಲ್ ತಲುಪಿ, ಎಲ್ಲರೂ ಇಳಿದು, ಖಾಲಿ ಗಾಡಿಯನ್ನು ಆಚೆಗೆ ತೊಳೆಯುವ ಲೈನಿಗೆ ತೆಗೆದುಕೊಂಡು ಹೋಗಿ ನಿಲ್ಲಿಸಿದ್ದರು. ನಮಗೆ ಅದು ಯಾವುದೂ ಗೊತ್ತಾಗಲಿಲ್ಲ.

ಎಚ್ಚರವಾದಾಗ ಲೈಟಿಲ್ಲ, ಫ್ಯಾನಿಲ್ಲ, ಜನ ಇಲ್ಲ. ಕಿಟಕಿಯ ಹೊರಗೆ ಇನ್ನೊಂದು ಖಾಲಿ ರೈಲು, ಅದರ ಆಚೆಗೆ ಮತ್ತೊಂದು. ಅಷ್ಟು ರೈಲುಗಳು, ಒಂದು ನರಪಿಳ್ಳೆ ಇಲ್ಲ. ಬಾವ ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ಗಾಬರಿಯಲ್ಲಿ ಬಲಗಡೆ ಇಟ್ಟಿದ್ದರು, ಎಂತದೂ ಸಿಗಲಿಲ್ಲ.

"ಬಾವ," ಎಂದು ನನ್ನನ್ನು ಕರೆದರು. "ನಾವು ಹೋದೆವಾ?"

ಇಲ್ಲ ಎಂದು ಹೇಳಲು ನನಗೂ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಡಬ್ಬಿಯ ಆ ತುದಿಯಿಂದ ಒಂದು ಬೆಳಕು ಬಂತು. ಬೆಳಕಿನ ಹಿಂದೆ ಒಬ್ಬ ಎತ್ತರದ ಮನುಷ್ಯ. ಮೂಗು, ಬಾಯಿಗೆ ಬಟ್ಟೆ ಕಟ್ಟಿದ್ದರು. ಕೈಯಲ್ಲಿ ಉದ್ದದ ಕೋಲು. ಒಂದೊಂದು ಸೀಟಿನ ಕೆಳಗೂ ನೋಡುತ್ತಾ ನಿಧಾನವಾಗಿ ನಮ್ಮ ಕಡೆಗೆ ಬಂದರು. ನಮ್ಮ ಮುಖಕ್ಕೆ ಬೆಳಕು ಬಿಟ್ಟು ನಿಂತರು.

ಬಾವ ಎದ್ದು ನಿಂತು ಕೈಮುಗಿದರು. ನಾನು ತಡೆಯುವ ಮೊದಲೇ ಮಾತು ಸುರುವಾಗಿತ್ತು. ಗಲ್ಫ್‌ನಲ್ಲಿ ರೂಮಿನವನ ಹೊಸ ಅಂಗಿಯನ್ನು ತಾನು ಹಾಕಿ ಹರಿದು, ಇಲಿ ಕಡಿದದ್ದು ಎಂದು ಹೇಳಿದ್ದು. ತಂಗಿಯ ಮದುವೆಗೆ ರಜೆ ಸಿಗಲಿಲ್ಲ ಎಂದದ್ದು, ರಜೆ ಕೇಳಿಯೇ ಇರಲಿಲ್ಲ. ಆ ತಂಗಿಯೇ ನನ್ನ ಹೆಂಡತಿ. ಇನ್ನೂ ಎಂತೆಂತದ್ದೋ ಹೇಳಿದರು, ಅದನ್ನು ನಾನು ಬರೆಯುವುದಿಲ್ಲ.

ಆ ಮನುಷ್ಯ ತಾಳ್ಮೆಯಿಂದ ಪೂರಾ ಕೇಳಿದರು. ಮತ್ತೆ ಬಾಯಿಯ ಬಟ್ಟೆ ಕೆಳಗೆ ಮಾಡಿದರು.

"ಅದೆಲ್ಲ ಆಗಿ ಹೋದದ್ದು. ಈಗ ಸ್ವಲ್ಪ ಕಾಲು ಎತ್ತಿ, ಗುಡಿಸಲಿಕ್ಕೆ ಉಂಟು."

ಐದು: ಇನ್ನೆರಡು ಪುಂಡಿ

ನನ್ನ ಮಾವ, ಅಂದರೆ ಬಾವನ ಅಪ್ಪ, ತೀರಿಕೊಂಡದ್ದು ಒಂದು ಜನವರಿಯಲ್ಲಿ. ಕೊನೆಯ ಸಂಜೆ ಅವರಿಗೆ ಇದ್ದಕ್ಕಿದ್ದಂತೆ ಮರುವಾಯಿ ಪುಂಡಿ ತಿನ್ನಬೇಕು ಎನಿಸಿತು. ಅಕ್ಕಿಯ ಉಂಡೆಗಳನ್ನು ಮರುವಾಯಿಯ ಗಸಿಯಲ್ಲಿ, ಅಂದರೆ ತೆಂಗಿನಕಾಯಿ ಅರೆದ ದಪ್ಪ ಸಾರಿನಲ್ಲಿ, ಬೇಯಿಸುವ ನಮ್ಮ ಕಡೆಯ ಅಡುಗೆ ಅದು. ಹೊತ್ತಾಯಿತು, ಮರುವಾಯಿ ಮರಳು ಬಿಡಲು ನೀರಿನಲ್ಲಿ ಇಡಬೇಕು, ನಾಳೆ ಮಾಡುತ್ತೇನೆ ಎಂದರು ಅತ್ತೆ. ಆಗಲಿ ಎಂದು ಮಾವ ಮಲಗಿದರು. ಬೆಳಗ್ಗೆ ಏಳಲಿಲ್ಲ.

ಅವತ್ತಿನಿಂದ ಅತ್ತೆ ಮರುವಾಯಿ ಮುಟ್ಟಲಿಲ್ಲ. ನಿದ್ದೆ ಹೋಯಿತು. ಡಾಕ್ಟರು ಕೊಟ್ಟ ಮಾತ್ರೆ ನಾಟಲಿಲ್ಲ. ಮಾವನ ಕೋಣೆ ಮನೆಯ ಹಿಂದುಗಡೆ, ಬಾಗಿಲು ಹಾಕಿಯೇ ಇರುತ್ತಿತ್ತು. ಮುಸ್ಸಂಜೆಗೆ ಆ ಕೋಣೆಯಲ್ಲಿ ಬಟ್ಟಲಿನ ಸದ್ದು ಕೇಳುತ್ತದೆ ಎನ್ನುತ್ತಿದ್ದರು. ಇಲಿ ಇರಬಹುದು ಎಂದರೆ ತಲೆ ಅಲ್ಲಾಡಿಸುತ್ತಿದ್ದರು. "ಅವರು ಹಸಿದು ಹೋಗಿದ್ದಾರೆ," ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಹನ್ನೊಂದು ತಿಂಗಳಲ್ಲಿ ಅತ್ತೆ ಅರ್ಧ ಆಗಿದ್ದರು. ಹೀಗೇ ಹೋದರೆ ಅಮ್ಮನೂ ಉಳಿಯುವುದಿಲ್ಲ ಎಂದು ಬಾವ ಒಂದು ದಿನ ನನ್ನ ಅಂಗಡಿಗೆ ಬಂದು ಕೂತು ಅತ್ತರು.

ವರ್ಷ ತುಂಬಿದ ದಿನ ಮಾವನಿಗೆ ಎಲೆ ಬಡಿಸುವುದು ಎಂದಾಯಿತು. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿ, ಹೊರಗೆ ಕಾಯುವುದು. ಅವರು ಬಂದು ತೃಪ್ತಿಪಟ್ಟು ಹೋಗುತ್ತಾರೆ ಎಂದು ನಂಬಿಕೆ. ಮರುವಾಯಿ ರೈಲಿನಲ್ಲಿ ತರುವುದೇ ಆಗಬೇಕು, ಅವರನ್ನು ಇಷ್ಟು ದಿನ ಕಾಯಿಸಿದ್ದಕ್ಕಾದರೂ ಒಳ್ಳೆಯದು ಕೊಡಬೇಕು ಎಂದರು ಅತ್ತೆ. ನಾನೂ ಬಾವನೂ ಮುನ್ನಾದಿನವೇ ಹೋಗಿ ತಂದೆವು.

ಮರುದಿನ ಬೆಳಗ್ಗೆ ನನ್ನ ಹೆಂಡತಿ ಕೊಟ್ಟಾರದ ಮನೆಯಲ್ಲಿ ಅಡುಗೆಗೆ ನಿಂತಳು. ಮಧ್ಯಾಹ್ನ ಮಾವನ ಕೋಣೆಯಲ್ಲಿ ದೀಪ ಹಚ್ಚಿ, ಮಣೆ ಹಾಕಿ, ಬಾಳೆಲೆಯಲ್ಲಿ ಪುಂಡಿ, ಗಸಿ, ಪಕ್ಕದಲ್ಲಿ ಒಂದು ಗ್ಲಾಸು ನೀರು ಇಟ್ಟೆವು. ಮಾವನಿಗೆ ನಾನೇ ಮಾಡಿಕೊಟ್ಟ ಕನ್ನಡಕ ಗೋಡೆಯ ಗೂಡಿನಲ್ಲಿ ಇತ್ತು. ಅದರ ಗಾಜಿನಲ್ಲಿ ದೀಪ ಎರಡು ಕಣ್ಣಾಗಿ ಉರಿಯುತ್ತಿತ್ತು. ಬಾಗಿಲು ಮುಚ್ಚಿ ಹೊರಗೆ ಚಾವಡಿಯಲ್ಲಿ ನಾಲ್ವರೂ ನೆಲದ ಮೇಲೆ ಕೂತೆವು.

ಹತ್ತು ನಿಮಿಷ ಎಂತದೂ ಇಲ್ಲ. ಆಮೇಲೆ ಒಳಗೆ ಮಣೆ ಎಳೆದ ಸದ್ದು.

ನನ್ನ ಹೆಂಡತಿ ನನ್ನನ್ನು ನೋಡಿದಳು. ಮತ್ತೆ ಒಂದು ಚಿಪ್ಪು ಟಕ್ ಎಂದು ಬಿತ್ತು. ಇನ್ನೊಂದು ಟಕ್. ನಡುವೆ ಚಿಪ್ಪನ್ನು ತುಟಿಗಿಟ್ಟು ಸುರ್ರೆಂದು ಎಳೆಯುವ ಸದ್ದು. ಮಾವ ಹಾಗೆಯೇ ತಿನ್ನುತ್ತಿದ್ದದ್ದು. ನಡುಮಧ್ಯಾಹ್ನ, ಹೊರಗೆ ಹೈವೇಯಲ್ಲಿ ಲಾರಿಗಳು ಹೋಗುತ್ತಿವೆ, ನನ್ನ ಕೈಕಾಲು ಮಾತ್ರ ತಣ್ಣಗೆ. ಬಾವ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು, ತುಟಿ ಬಿಳಿಯಾಗಿತ್ತು.

ಅತ್ತೆಗೆ ಹೆದರಿಕೆಯೇ ಆಗಲಿಲ್ಲ. ಬಾಗಿಲ ಹತ್ತಿರ ಸರಿದು, ಹಲಗೆಗೆ ಹಣೆಯಿಟ್ಟು ಅಳಲು ಸುರು ಮಾಡಿದರು. "ಅವತ್ತು ಕೇಳಿದಿರಿ, ನಾನು ನಾಳೆ ಎಂದೆ. ಉದಾಸೀನ ಆಗಿ ಹೇಳಿದ್ದು. ಮನಸ್ಸು ಮಾಡಿದರೆ ಆಗುತ್ತಿತ್ತು. ನಿಮಗೆ ನಾಳೆ ಇಲ್ಲ ಎಂದು ನನಗೆ ಹೇಗೆ ಗೊತ್ತು?" ಎಂದರು. ಇಷ್ಟು ದಿನ ಒಳಗಿದ್ದದ್ದೆಲ್ಲ ಹೊರಗೆ ಬಂತು. ಒಳಗಿನ ಸದ್ದು ನಿಂತಿತು. ಆಮೇಲೆ ಬಾಗಿಲ ಆಚೆಯಿಂದ ಗಂಡು ದನಿಯೊಂದು ಮೆಲ್ಲಗೆ ಕೇಳಿತು.

"ಪುಂಡಿ ಇನ್ನೆರಡು ಉಂಟಾ?"

ಬಾವ ಕೂತಲ್ಲಿಂದ ಮೆಲ್ಲಗೆ ವಾಲಿ ನನ್ನ ಮಡಿಲಿಗೆ ಬಿದ್ದರು. ಅತ್ತೆ ಸೆರಗಿನಿಂದ ಮುಖ ಒರೆಸಿ, ಎದ್ದು, ಅಡುಗೆಮನೆಗೆ ಹೋದರು. ಬಟ್ಟಲಿಗೆ ಎರಡಲ್ಲ, ನಾಲ್ಕು ಪುಂಡಿ ಹಾಕಿ ಮೇಲೆ ಗಸಿ ಎರೆದು ತಂದರು. ನೋಡಬಾರದು ಎಂದು ಮುಖ ಆಚೆ ಮಾಡಿ, ಬಾಗಿಲನ್ನು ಒಂದು ಗೇಣು ತೆರೆದು ಕೈ ಒಳಗೆ ಚಾಚಿದರು. ಯಾರೋ ಬಟ್ಟಲು ತೆಗೆದುಕೊಂಡರು.

"ನಿಧಾನ ತಿನ್ನಿ," ಎಂದರು ಅತ್ತೆ. "ಅವಸರ ಇಲ್ಲ."

ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಒಂದು ದೊಡ್ಡ ತೇಗು ಬಂತು. ಆ ತೇಗು ಕೇಳಿ ನನಗೆ ಸಂಶಯ ಹುಟ್ಟಿತು. ಬಾವನನ್ನು ಎಬ್ಬಿಸಿ, ಇಬ್ಬರೂ ಸಣ್ಣ ಮಕ್ಕಳ ಹಾಗೆ ಕೈ ಕೈ ಹಿಡಿದುಕೊಂಡು ಮನೆಯ ಹಿಂದೆ ಸುತ್ತು ಹಾಕಿದೆವು.

ಹಿಂದಿನ ಜಗಲಿಯಲ್ಲಿ ವಾಷಿಂಗ್ ಮೆಷಿನಿನ ಮೇಲೆ ರಿಪೇರಿಯ ಸಾಮಾನಿನ ಚೀಲ ಇತ್ತು. ಅದರ ಪಕ್ಕದಲ್ಲಿ ಮಾವನ ಕೋಣೆಯ ಹಿಂಬಾಗಿಲು, ಅದಕ್ಕೆ ಚಿಲಕ ಹಾಕಲು ನಾವು ನಾಲ್ವರೂ ಮರೆತಿದ್ದೆವು. ನಳ್ಳಿಯ ಹತ್ತಿರ ಒಬ್ಬ ಮನುಷ್ಯ ಬಟ್ಟಲು, ಗ್ಲಾಸು ತೊಳೆಯುತ್ತಾ ನಿಂತಿದ್ದ. ಮೆಷಿನ್ ರಿಪೇರಿಯವ. ಬಾವನೇ ನಾಲ್ಕು ದಿನದ ಮೊದಲು ಫೋನು ಮಾಡಿ ಹೇಳಿದ್ದರು. ಬೆಳಗ್ಗೆ ಅವನು ಬಂದಾಗ ನನ್ನ ಹೆಂಡತಿ ಅಡುಗೆಯ ಗಡಿಬಿಡಿಯಲ್ಲಿ ಹಿಂದೆ ಹೋಗಲು ಹೇಳಿ, ಕೆಲಸ ಆದ ಮೇಲೆ ಊಟ ಮಾಡಿಯೇ ಹೋಗಿ ಎಂದಿದ್ದಳು. ಹೇಳಿ ಮರೆತಿದ್ದಳು. ಕೆಲಸ ಮುಗಿಸಿ ಅವನು ಬಾಗಿಲು ದೂಡಿ ನೋಡಿದರೆ ದೀಪ, ಮಣೆ, ಬಡಿಸಿದ ಎಲೆ. ಎಷ್ಟು ಮರ್ಯಾದೆಯ ಜನ ಎಂದು ಕೂತುಬಿಟ್ಟಿದ್ದ.

ನಮ್ಮನ್ನು ನೋಡಿ ಅವನ ಕಣ್ಣು ತುಂಬಿತು. ಅಮ್ಮ ಅಳುವಾಗ ತನಗೆ ವಿಷಯ ಗೊತ್ತಾಯಿತು, ಅಷ್ಟರಲ್ಲಿ ಅರ್ಧ ತಿಂದಾಗಿತ್ತು, ಎದ್ದು ಹೊರಗೆ ಬಂದರೆ ಆ ಜೀವ ಏನಾದೀತು ಎಂದು ಹೆದರಿ ಅಲ್ಲಿಯೇ ಕೂತೆ ಎಂದು ಪಿಸುಗುಟ್ಟಿದ.

"ಹಾಗಾದರೆ ಇನ್ನೆರಡು ಪುಂಡಿ ಕೇಳಿದ್ದು ಅಮ್ಮನ ಸಮಾಧಾನಕ್ಕಾ?" ಎಂದು ಬಾವ ಕೇಳಿದರು.

ಅವನು ತಲೆ ತಗ್ಗಿಸಿದ. "ಅಲ್ಲ. ಅದು ನಿಜವಾಗಿ ಬೇಕಿತ್ತು."

ಬಾವ ಅವನನ್ನು ತಬ್ಬಿಕೊಂಡರು. ಈ ವಿಷಯ ನಾಲ್ವರ ಬಾಯಿಯಿಂದ ಹೊರಗೆ ಹೋಗಬಾರದು ಎಂದು ಮಾತಾಯಿತು: ನಾನು, ಬಾವ, ನನ್ನ ಹೆಂಡತಿ, ಅವನು. ತೊಳೆದ ಬಟ್ಟಲು, ಗ್ಲಾಸನ್ನು ಒಳಗಿಟ್ಟು ಅವನು ಹಿಂದಿನ ಗೇಟಿನಿಂದ ಹೋದ.

ಅತ್ತೆ ಮೂರು ಸಲ ತಟ್ಟಿ ಬಾಗಿಲು ತೆರೆದರು. ಒಳಗೆ ದೀಪ ಉರಿಯುತ್ತಿತ್ತು. ಅವರು ಹೊಸ್ತಿಲಲ್ಲಿ ನಿಂತು ತುಂಬ ಹೊತ್ತು ನೋಡಿದರು. ತಾನೂ ಒಂದು ಪುಂಡಿ ತಿಂದರು. ಅದೇ ಕೋಣೆಯ ಮಂಚದಲ್ಲಿ ಮಲಗಿದವರು ಒಂದು ವರ್ಷದ ನಿದ್ದೆಯನ್ನು ಒಟ್ಟಿಗೇ ಮಾಡುವವರ ಹಾಗೆ ಗೊರಕೆ ಹೊಡೆದರು. ನಾವು ಹೊರಗೆ ಕೂತು ಆ ಗೊರಕೆ ಕೇಳಿದೆವು. ಬಾವ ಮತ್ತೆ ಅತ್ತರು, ಈ ಸಲ ಬೇರೆ ಥರ.

ಸಂಜೆ ಎದ್ದು ಚಹಾ ಕುಡಿಯುವಾಗ ಅತ್ತೆಯ ಮುಖ ತಿಳಿಯಾಗಿತ್ತು. ಎಂತ ಯೋಚನೆ ಎಂದು ನನ್ನ ಹೆಂಡತಿ ಕೇಳಿದಳು.

"ಮದುವೆಯಾಗಿ ಐವತ್ತು ವರ್ಷ ನಿನ್ನ ಅಪ್ಪ ತಿಂದ ಬಟ್ಟಲು ಎತ್ತಿದವರಲ್ಲ," ಎಂದರು ಅತ್ತೆ. "ಇವತ್ತು ಎಲೆ ತೆಗೆದು, ನೆಲ ಒರೆಸಿ, ಬಟ್ಟಲು, ಗ್ಲಾಸು ತೊಳೆದು ಕವುಚಿ ಇಟ್ಟು ಹೋಗಿದ್ದಾರೆ. ಮೇಲೆ ಯಾರೋ ಸರಿಯಾದವಳು ಸಿಕ್ಕಿದ್ದಾಳೆ."